ಶೇಕಡಾ ಮೂವತ್ತೆಂಟು

ಪೆರ್ಲದ ಬಸ್‌ಸ್ಟ್ಯಾಂಡಿನೆದುರು, ಝೆರಾಕ್ಸ್ ಅಂಗಡಿಯ ಮೇಲೆ
ನನ್ನದೊಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ.
ಅರ್ಜಿ ಮಲಯಾಳದಲ್ಲಿ ಬರುತ್ತದೆ,
ಪಟ್ಟಿ ಇಂಗ್ಲಿಷಿನಲ್ಲಿ ಇಳಿಯುತ್ತದೆ,
ಜನ ಕನ್ನಡದಲ್ಲೋ ತುಳುವಿನಲ್ಲೋ ಮರಾಟಿಯಲ್ಲೋ ಹೇಳುತ್ತಾರೆ.
ನಡುವೆ ನನ್ನ ಹತ್ತು ಬೆರಳು.

ಐತ್ತು ನಾಯ್ಕರು ಬಂದದ್ದು ಬುಧವಾರ,
ಹೋದ ಕರೆಂಟು ಬಂದ ಮೇಲೆ.
ಕೊಚ್ಚಿಯ ಕಂಪನಿಯೊಂದು ಜನ ಕಳಿಸುತ್ತದಂತೆ,
ಎಲ್ಲಿಗೆ, ಎಂತದಕ್ಕೆ, ಎಲ್ಲ ಕೋಡು ನೋಡಿ ತೀರ್ಮಾನ.
ಮೊದಲು ಯಂತ್ರ ಓದುತ್ತದೆ ನಾಯ್ಕರೇ,
ಅದು ಒಪ್ಪಿದರೆ ಮತ್ತೆ ಮನುಷ್ಯರು.
"ಅದಕ್ಕೆ ಕಣ್ಣುಂಟಾ?"
ಕಣ್ಣಿಲ್ಲ, ಪಟ್ಟಿ ಉಂಟು.

ಕೆಲಸ ಎಂತ ಮಾಡ್ತೀರಿ?
"ಸುರಂಗ."

ಲೋಕದ ಕೆಲಸಗಳೆಲ್ಲ ಅಲ್ಲಿ ನಾಲ್ಕು ನಾಲ್ಕು ಅಂಕಿಗಳಾಗಿ ಕೂತಿವೆ,
ಹಲ್ಲು ಕೀಳುವವರು, ಹಡಗು ಕಟ್ಟುವವರು,
ನಾಯಿಗೆ ಮೀಯಿಸುವವರು ಕೂಡ.
ಸುರಂಗ ಅಂತ ಒತ್ತಿದರೆ ಕಲ್ಲಿದ್ದಲು ಬಂತು.
ಬಾವಿ ಅಂತ ಒತ್ತಿದರೆ ಬೋರ್‌ವೆಲ್ ಲಾರಿಯವನು ಬಂದ.
ನಾಯ್ಕರು ನಕ್ಕರು:
"ಅವನು ಬಂದ ಮೇಲೆಯೇ ಅಲ್ವಾ
ನಾನು ಇಲ್ಲಿಗೆ ಬಂದದ್ದು."

ಕೌಶಲ, ಹತ್ತು ಪದ ಮೀರದಂತೆ.
ಅವರು ಹತ್ತಕ್ಕೆ ನಿಲ್ಲಲಿಲ್ಲ.
ಮೇ ತಿಂಗಳಲ್ಲೂ ಚಿಗುರುವ ಮರ ಯಾವುದು ನೋಡಬೇಕು,
ಹುತ್ತ ಎಲ್ಲಿ ಎದ್ದಿದೆ ನೋಡಬೇಕು,
ಅಂಗೈ ಇಟ್ಟು ಮುರಕಲ್ಲಿನ ಬೆವರು ಹಿಡಿಯಬೇಕು.
ಒಬ್ಬನ ಹೆಗಲಿನಷ್ಟೇ ಅಗಲ. ಅಳತೆ ಕೋಲಿನಲ್ಲಿ.
ಮೊಂಬತ್ತಿ ಸಣ್ಣಗಾದರೆ ಹಿಂದೆ ಬರಬೇಕು,
ಆರಿದರೆ
ಹತಾರ ಅಲ್ಲೇ ಬಿಟ್ಟು ಬರಬೇಕು.
ತಿರುಗುವಲ್ಲಿ ತಿರುಗಬೇಕು.
"ನೀರು ಕರೀತದೆ. ಹೇಗೆ ಅಂತ ಹೇಳ್ಲಿಕ್ಕೆ ಬರುವುದಿಲ್ಲ."

ನಾನು ಹೊಡೆದೆ: ಅಗೆತ. ಮಣ್ಣು ಸಾಗಣೆ.
ಸುರಕ್ಷತಾ ತಪಾಸಣೆ (ಅದು ಮೊಂಬತ್ತಿ).
ಅಂತರ್ಜಲ ಸಮೀಕ್ಷೆ (ಅದು ಅಂಗೈ).
ಕರೆಯುವುದಕ್ಕೆ ಕಾಲಮ್ಮು ಇರಲಿಲ್ಲ.

ಅನುಭವ?
"ಇಪ್ಪತ್ತೇಳು. ಇಪ್ಪತ್ತಮೂರರಲ್ಲಿ ನೀರು.
ನಾಲ್ಕು ಒಣ. ಅದನ್ನೂ ಬರಿ."
ಬರೆಯಬಾರದು, ಅಂಕ ಕಡಿಮೆಯಾಗ್ತದೆ.
"ಇಲ್ಲದ್ದು ಎಲ್ಲಿ ಅಂತ ಗೊತ್ತಿಲ್ಲದವನಿಗೆ
ಇದ್ದದ್ದು ಹೇಗೆ ಗೊತ್ತಾಗ್ತದೆ ಮಾರಾಯ್ತಿ?"
ಬರೆದೆ.

ಗಣಿ ಕಾರ್ಮಿಕ: ಮೂವತ್ತೆಂಟು.
ಬೋರ್‌ವೆಲ್: ಹತ್ತೊಂಬತ್ತು.
ಕನಿಷ್ಠ ಅರವತ್ತು ಬೇಕು.
ಯಂತ್ರ ತಾನಾಗಿಯೇ ಇನ್ನೊಂದು ಸೂಚಿಸಿತು, ಹಸಿರು ಅಕ್ಷರದಲ್ಲಿ:
ಇಕ್ಕಟ್ಟಿನ ಗುಂಡಿ, ಬಗ್ಗಿದ ಬೆನ್ನು, ಗಾಳಿ ಕಡಿಮೆ,
ಒಬ್ಬನೇ ಇಳಿಯುವ ಅಭ್ಯಾಸ.
ಚರಂಡಿ ಶುಚಿ. ಎಪ್ಪತ್ತೊಂದು.

ಓದಿ ಹೇಳಿದೆ. ಹೇಳದೆ ಇರಬಹುದಿತ್ತು.
ಕೆಳಗೆ ಝೆರಾಕ್ಸಿನ ಯಂತ್ರ ಒಂದೇ ಸಮನೆ ಕಾಗದ ಉಗುಳುತ್ತಿತ್ತು.
ನಾಯ್ಕರು ತಡೆದು ಕೇಳಿದರು:
"ಅಲ್ಲಿ ಮೊಂಬತ್ತಿ ಹೊತ್ತಿಸ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಅಲ್ಲಿನ ಗಾಳಿಗೇ ಬೆಂಕಿ ಹತ್ತುತ್ತದೆ.

"ಹಾಗಾದರೆ ಹಿಂದೆ ಬರಬೇಕು ಅಂತ
ಯಾರು ಹೇಳುವುದು?"

ಮೂವತ್ತೆಂಟೇ ಇರಲಿ ಎಂದರು. ಇಟ್ಟೆ. ಕಳಿಸಿದೆ.
ಉತ್ತರ ಬರಲು ಒಂದು ಬೀಡಿಯಷ್ಟು ಹೊತ್ತೂ ಆಗಲಿಲ್ಲ,
ವಂದನೆಗಳು, ನಿಮ್ಮ ಆಸಕ್ತಿಗೆ.
"ಉಳಿದ ಅರವತ್ತೆರಡು ಎಂತ ಮಾಡ್ತಾರೆ?"
ಗೊತ್ತಿಲ್ಲ.
ಪ್ರಿಂಟಿಗೆ ಹತ್ತು ರೂಪಾಯಿ ಬೇಡ ಎಂದರೂ ಇಟ್ಟರು,
ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.
ನನ್ನ ಬಾಗಿಲು ಏಳಡಿ ಎತ್ತರ ಇದೆ.
ಆದರೂ ತಲೆ ಬಗ್ಗಿಸಿಯೇ ದಾಟಿದರು.

ಮತ್ತೆ ಯಾರೂ ಬರಲಿಲ್ಲ.
ಸುಮ್ಮನೆ ನನ್ನದನ್ನು ತುಂಬಿಸಿ ನೋಡಿದೆ:
ಟೈಪಿಂಗು, ನಾಲ್ಕು ಭಾಷೆ, ತಾಳ್ಮೆ.
ಡೇಟಾ ಎಂಟ್ರಿ, ತೊಂಬತ್ತಾರು.
ಉಳಿದ ನಾಲ್ಕು ಎಲ್ಲಿ ಎಂದು ಅದು ಹೇಳಲಿಲ್ಲ.
ಪುತ್ತೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.
ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟೆ,
ಅವರು ಮಾಡಿ ತೋರಿಸಿದ ಹಾಗೆ, ಬೆರಳು ಅಗಲಿಸಿ.
ಬೆಚ್ಚಗಿತ್ತು.
ಒಣಗಿತ್ತು.